ಲೆಕ್ಕಕ್ಕಿಲ್ಲದ ಚಾ

ಬಾಗಲಕೋಟೆಯ ನಮ್ಮ ವಿಭಾಗದ ಕ್ಯಾಂಟೀನಿನಲ್ಲಿ ಇವತ್ತಿಗೂ ಹೇಳುವ ಕತೆ ಇದು. ಇಳಕಲ್ಲಿನ ನೇಕಾರ ಹೆಣ್ಣುಮಕ್ಕಳ ಕೈ ಮತ್ತು ಮಿದುಳಿನ ಬಗ್ಗೆ ಅಕ್ಕ ಒಂದು ಪೇಪರ್ ಬರೆದಳು. ಜನ್ಮದಲ್ಲಿ ಮಗ್ಗ ನೋಡಿರದ ಯಾವನೋ ಪರದೇಶದ ರಿವ್ಯೂವರ್ ಸುಮ್ಮನೆ ಅಡ್ಡಗಾಲು ಹಾಕಿದ. ಅಕ್ಕನ ಗೈಡ್ ಆಗಿದ್ದ ನಮ್ಮ ಸರ್ ಬಾಯಿ ಮುಚ್ಚಿಸುವಂಥ ಉತ್ತರ ಬರೆದರು. ಆಸಾಮಿ ತೆಪ್ಪಗಾದ. ಪೇಪರ್ ಅಚ್ಚಾಯಿತು, ಅಕ್ಕ ಡಾಕ್ಟರ್ ಆದಳು. ಹೊಸದಾಗಿ ಸೇರಿದ ಹುಡುಗರು ಇದನ್ನು ಕೇಳಿ ಮಿರ್ಚಿ ಕಚ್ಚುವುದನ್ನೂ ಮರೆಯುತ್ತಾರೆ.

ನನ್ನ ತಕರಾರು ಇರುವುದು ಈ ಕತೆಯ ಮೇಲೆ. ಅವನು ಪರದೇಶದವನು ಅಂತ ಯಾರು ನೋಡಿದರು? ‘ಅವನು’ ಅಂತಾದರೂ ಯಾರು ಹೇಳಿದರು? ಹೊಸ ಸಂಶೋಧನೆ ಅಚ್ಚಾಗುವ ಮೊದಲು ಜರ್ನಲ್‌ನವರು ಅದೇ ವಿಷಯ ಬಲ್ಲ ಇಬ್ಬರಿಗೋ ಮೂವರಿಗೋ ಅದನ್ನು ಕಳಿಸಿ, ತೂತು ಎಲ್ಲಿದೆ ನೋಡಿ ಅನ್ನುತ್ತಾರೆ. ಅವರಿಗೆ ಸಂಬಳವಿಲ್ಲ, ನಾವು ಪೇಪರ್ ಕಳಿಸಿದ ಜರ್ನಲ್ಲಿನಲ್ಲಿ ಅವರ ಹೆಸರೂ ಹೇಳುವುದಿಲ್ಲ. ಒಂದನೇ ರಿವ್ಯೂವರ್, ಎರಡನೇ ರಿವ್ಯೂವರ್, ಅಷ್ಟೇ. ಆ ಎರಡನೆಯವರು ಜರ್ಮನಿಯವರೂ ಆಗಿರಬಹುದು, ಜಮಖಂಡಿಯವರೂ ಆಗಿರಬಹುದು. ಎರಡಕ್ಕೂ ಪುರಾವೆ ಇಲ್ಲ.

ಇನ್ನು ಬಾಯಿ ಮುಚ್ಚಿಸಿದ ಮಾತು. ಅದು ಅಪ್ಪಟ ಸುಳ್ಳು. ನಾನು ಅಲ್ಲೇ ಇದ್ದೆ.

ಇದ್ದೆ ಅಂದರೆ, ಆ ಪ್ರಾಜೆಕ್ಟಿನಲ್ಲಿ ಸಹಾಯಕಿ. ಅದಕ್ಕಿಂತ ಮೊದಲು ಕಾಲೇಜಿನ ಚರ್ಚಾಸ್ಪರ್ಧೆಗಳ ಖಾಯಂ ಗಿರಾಕಿ. ಚರ್ಚಾಸ್ಪರ್ಧೆಯಲ್ಲಿ ನಿನ್ನ ಅಭಿಪ್ರಾಯ ಏನು ಅಂತ ಯಾರೂ ಕೇಳುವುದಿಲ್ಲ. ಚೀಟಿ ಎತ್ತಬೇಕು, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನನಗೆ ವಿರೋಧ ಬಂದರೆ ಹಬ್ಬ. ‘ನಿನ್ನ ಕೂಡ ಮಾತಾಡೂದಂದ್ರ ಕೋರ್ಟಿಗೆ ಹೋದಂಗ ಆಗ್ತದ’ ಅಂತ ನಮ್ಮವ್ವ ಅನ್ನುತ್ತಾಳೆ. ನಾನದನ್ನು ಹೊಗಳಿಕೆ ಅಂತಲೇ ತಗೊಂಡಿದ್ದೇನೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಹುನಗುಂದದವಳು, ವಿಭಾಗದಲ್ಲಿ ಹಿರಿಯ ಸಂಶೋಧಕಿ, ಎಲ್ಲರೂ ಅಕ್ಕ ಅನ್ನುತ್ತಿದ್ದರು, ನಾನೂ ಅಂದೆ. ಮಾತು ಕಡಿಮೆ, ಕೆಲಸ ಜಾಸ್ತಿ. ನನ್ನದು ಉಲ್ಟಾ ಆದ್ದರಿಂದ ನಮ್ಮ ಜೋಡಿ ನಡೆಯಿತು. ಅವಳ ಪ್ರಶ್ನೆ ಚಂದ ಇತ್ತು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಮುಂದೆ ಕೂತವರ ಕಾಲು ಕೆಳಗೆ ಒಂದು ತಾಳ ಹಿಡಿದರೆ, ಒಂದು ಕೈ ಲಾಳಿಯ ಹಗ್ಗ ಎಳೆಯುತ್ತದೆ, ಇನ್ನೊಂದು ಹಲಗೆ ಬಡಿಯುತ್ತದೆ. ವರ್ಷಗಟ್ಟಲೆ ಹೀಗೆ ನೇಯ್ದವರ ಮಿದುಳು ಹೊತ್ತನ್ನು ಅಳೆಯುವ ರೀತಿಯೇ ಬೇರೆ ಇರಬಹುದೇ?

ಅದಕ್ಕೆ ಎರಡು ಪರೀಕ್ಷೆ. ಬೆಳಕು ಮಿನುಗಿದ ಕೂಡಲೇ ಗುಂಡಿ ಒತ್ತುವುದು ಒಂದು. ಕೈ ಎಷ್ಟು ಚುರುಕು ಅಂತ ಅದರಲ್ಲಿ ತಿಳಿಯುತ್ತದೆ. ಟಕ್ ಟಕ್ ಸದ್ದಿಗೆ ಸರಿಯಾಗಿ ಬೆರಳು ಬಡಿಯುತ್ತ, ಸದ್ದು ನಿಂತ ಮೇಲೂ ಅದೇ ತಾಳದಲ್ಲಿ ಬಡಿಯುತ್ತ ಹೋಗುವುದು ಇನ್ನೊಂದು. ಇದು ಕೈ ಎಷ್ಟು ಸ್ಥಿರ ಅಂತ ಹೇಳುತ್ತದೆ. ಬಡಿಯುವಾಗ ತಲೆಗೆ ತಂತಿಗಳ ಟೊಪ್ಪಿಗೆ, ಮಿದುಳಿನ ಅಲೆ ಹಿಡಿಯಲಿಕ್ಕೆ. ಇಳಕಲ್ಲಿನ ಹೆಣ್ಣುಮಕ್ಕಳು ತಲೆಗೆ ಎಣ್ಣೆ ಹಚ್ಚುವ ಪ್ರಮಾಣಕ್ಕೆ ಆ ತಂತಿಗಳು ಜಾರಿ ಜಾರಿ ಬೀಳುತ್ತಿದ್ದವು. ಕಡೆಗೆ ಹಿಂದಿನ ದಿನವೇ ಹೋಗಿ, ‘ಯವ್ವಾ, ನಾಳೆ ತಲಿ ಎರಕೊಂಡು ಕುಂದರ್ರಿ’ ಅಂತ ಮನೆಮನೆಗೆ ಹೇಳಿಬರುವ ಕೆಲಸ ನನ್ನ ಪಾಲಿಗೆ ಬಂತು.

ನೇಕಾರರ ಜೊತೆ ಹೋಲಿಸಿ ನೋಡಲು ನೇಯದವರೂ ಬೇಕಲ್ಲ. ಅವರನ್ನು ಬಾದಾಮಿಯಿಂದ ತಂದೆವು. ಅಂಗಡಿ ನೋಡಿಕೊಳ್ಳುವವರು, ಹೊಲದ ಕೆಲಸದವರು, ಅಂಗನವಾಡಿಯವರು, ಎಲ್ಲ ನೇಕಾರರದೇ ವಯಸ್ಸಿನವರು. ಅವರನ್ನು ಕಾಲೇಜಿನ ಗಾಡಿಯಲ್ಲಿ ಬಾಗಲಕೋಟೆಗೆ ಕರೆತಂದು ಲ್ಯಾಬಿನಲ್ಲಿ ಕೂರಿಸಿದೆವು. ನೇಕಾರರನ್ನು ಮಾತ್ರ ಅವರವರ ಮನೆಯಲ್ಲೇ, ಮಗ್ಗದ ಪಕ್ಕದಲ್ಲೇ ನೋಡಿದೆವು. ಅವರು ಮಗ್ಗ ಬಿಟ್ಟು ಎಲ್ಲಿಗೂ ಬರುವವರಲ್ಲ.

ಫಲಿತಾಂಶ ನೋಡಿ ಸರ್ ಕುಣಿಯುವುದೊಂದು ಬಾಕಿ. ನೇಕಾರರು ಚುರುಕೂ ಹೌದು, ಸ್ಥಿರವೂ ಹೌದು. ಪೇಪರ್ ಇನ್ನೂ ಜರ್ನಲ್ಲಿಗೆ ಹೋಗಿಯೇ ಇರಲಿಲ್ಲ, ಇಳಕಲ್ಲಿನ ಒಂದು ಸಮಾರಂಭದಲ್ಲಿ ಸರ್ ಮೈಕು ಹಿಡಿದು ‘ಇಳಕಲ್ಲಿನ ಕೈ ಎಲ್ಲಾರಕಿಂತ ವೇಗ’ ಅಂದುಬಿಟ್ಟರು. ಶಾಲು ಹೊದಿಸಿದರು. ಊರಿನ ಪೇಪರಿನಲ್ಲೂ ಬಂತು. ಪೇಪರಿನಲ್ಲಿ ಬಂದ ಮೇಲೆ ಪೇಪರ್ ಬರೆದೆವು, ಹೀಗೆ.

ಅಕ್ಕನಿಗೆ ಶಾಲಿನ ಚಿಂತೆ ಇರಲಿಲ್ಲ. ಒಂದು ಪೇಪರ್ ಒಪ್ಪಿಗೆ ಆಗದೆ ಥೀಸಿಸ್ ಕೊಡುವ ಹಾಗಿಲ್ಲ ಅನ್ನುವುದು ವಿಶ್ವವಿದ್ಯಾಲಯ ಅವಳಿಗೆ ಹಾಕಿದ್ದ ಶರತ್ತು. ಅವಳಿಗೆ ಕೊಟ್ಟ ಅವಧಿಯನ್ನು ಒಮ್ಮೆ ಮುಂದೂಡಿ, ಇನ್ನು ಮುಂದೂಡುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿಯಾಗಿತ್ತು. ಆ ಬೇಸಿಗೆ ದಾಟಿದರೆ ಅವಳ ನೋಂದಣಿಯೇ ರದ್ದು. ಅಷ್ಟು ವರ್ಷ ಎಣ್ಣೆತಲೆಗಳ ಮೇಲೆ ತಂತಿ ಅಂಟಿಸಿದ್ದೆಲ್ಲ ಮಣ್ಣುಪಾಲು.

ಇಬ್ಬರು ರಿವ್ಯೂವರ್‌ಗಳ ಮಾತು ಒಟ್ಟಿಗೇ ಬಂತು. ಒಂದನೆಯವರು ಬಹಳ ಚೆನ್ನಾಗಿದೆ, ಅಚ್ಚು ಮಾಡಿ ಅಂದಿದ್ದರು. ಎರಡೇ ಸಾಲು. ಅವರನ್ನು ಕ್ಯಾಂಟೀನಿನ ಕತೆಯಲ್ಲಿ ಯಾರೂ ಬೈಯುವುದಿಲ್ಲ. ನನ್ನನ್ನು ಕೇಳಿದರೆ ಬೈಯಬೇಕಾದವರು ಅವರೇ. ಓದದೆ ಹೊಗಳುವುದು ಓದಿ ತೆಗಳುವುದಕ್ಕಿಂತ ಕೆಟ್ಟದ್ದು.

ಎರಡನೆಯವರು ಪುಟಗಟ್ಟಲೆ ಬರೆದಿದ್ದರು. ಅವರನ್ನೂ ನಾನು ದೇವರು ಮಾಡುವವಳಲ್ಲ. ಕೆಲವು ಮಾತು ಶುದ್ಧ ತಲೆಹರಟೆ. ಮಿದುಳಿನ ಚಿತ್ರ ತೆಗೆಯುವ ದೊಡ್ಡ ಯಂತ್ರ ಯಾಕೆ ಬಳಸಲಿಲ್ಲ ಅಂತ ಕೇಳಿದ್ದರು. ಅದನ್ನು ಮಗ್ಗದ ಕುಣಿಯೊಳಗೆ ಹೇಗೆ ಇಳಿಸುವುದು ಅಂತ ಹೇಳಿರಲಿಲ್ಲ. ಒಬ್ಬರದೇ ಹಳೆಯ ಲೇಖನಗಳನ್ನು ಸಾಲಾಗಿ ಕೊಟ್ಟು ಇವನ್ನೂ ಉಲ್ಲೇಖಿಸಿ ಅಂದಿದ್ದರು. ಆ ಒಬ್ಬರು ಇವರೇ ಇರಬಹುದು ಅಂತ ಊಹಿಸಲು ಮಿದುಳಿನ ವಿಜ್ಞಾನ ಬೇಕಿಲ್ಲ, ಆದರೆ ಊಹೆ ಪುರಾವೆಯಲ್ಲ. ಇವೆಲ್ಲದರ ನಡುವೆ ಒಂದು ಸಣ್ಣ ಪ್ರಶ್ನೆ ಇತ್ತು: ಪರೀಕ್ಷೆಗೆ ಮೊದಲು ಎರಡೂ ಗುಂಪಿನವರು ಏನಾದರೂ ಉತ್ತೇಜಕ ಸೇವಿಸಿದ್ದರೇ?

ಸರ್‌ಗೆ ಸಿಟ್ಟು ಬಂತು. ಉತ್ತೇಜಕ ಅಂದಕೂಡಲೇ ಅವರ ಮನಸ್ಸು ಎಲ್ಲಿಗೆ ಹೋಯಿತೋ, ನಮ್ಮ ಹೆಣ್ಣುಮಕ್ಕಳು ಕುಡಿದು ಮಗ್ಗಕ್ಕೆ ಕೂಡುತ್ತಾರೆ ಅಂತ ತಿಳಿದಿದ್ದಾನೇನು ಅವನು ಅಂತ ಕೂಗಾಡಿದರು. ಅವನು, ಪರದೇಶದವನು, ಎರಡೂ ಹುಟ್ಟಿದ್ದು ಆ ಮಧ್ಯಾಹ್ನವೇ. ಶರಣರ ನಾಡಿನವರು ನಾವು, ಪ್ರಶ್ನೆ ಕೇಳುವುದು ನಮ್ಮ ರಕ್ತದಲ್ಲೇ ಇದೆ ಅಂತ ಪ್ರತಿ ಭಾಷಣದಲ್ಲೂ ಹೇಳುತ್ತೇವೆ. ನಮ್ಮನ್ನೇ ಯಾರಾದರೂ ಕೇಳಿದರೆ ಮಾತ್ರ ರಕ್ತ ಬೇರೆ ಕಡೆಗೆ ಹರಿಯುತ್ತದೆ.

ಸರ್ ಹೇಳಿದ ಉತ್ತರ ನೇರ ಇತ್ತು: ಯಾರೂ ಏನನ್ನೂ ಸೇವಿಸಿರಲಿಲ್ಲ. ಅದು ಸುಳ್ಳೂ ಅಲ್ಲ. ಪ್ರತಿಯೊಬ್ಬರನ್ನೂ ನಾವೇ ಕೇಳಿದ್ದೆವು, ಏನರೆ ತಗೊಂಡೀರೇನ್ರಿ ಅಂತ. ಎಲ್ಲರೂ ಇಲ್ಲ ಅಂದಿದ್ದರು. ಅಕ್ಕ ಅದನ್ನು ಬರೆದಳು. ಇನ್ನು ಕಳಿಸುವುದೊಂದೇ ಬಾಕಿ. ಜರ್ನಲ್ ಕೊಟ್ಟ ಗಡುವು ಇನ್ನೂ ದೂರ ಇತ್ತು, ಅಕ್ಕನ ಗಡುವು ಹತ್ತಿರ.

ಆ ವಾರವೇ ನಾವಿಬ್ಬರೂ ಬಾದಾಮಿಗೆ ಹೋಗಿದ್ದೆವು. ಪರೀಕ್ಷೆಗೆ ಬಂದಿದ್ದ ಕೆಲವರ ವಯಸ್ಸು ಖಚಿತ ಮಾಡಿಕೊಳ್ಳುವುದಿತ್ತು. ಅವರಲ್ಲೊಬ್ಬಳು ಶಿವಯೋಗ ಮಂದಿರದ ಹತ್ತಿರ ಇದ್ದಳು. ಅಲ್ಲಿಂದ ವಾಪಸು ಬರುವ ಬಸ್ಸು ತಡ. ಮಲಪ್ರಭೆಯ ದಂಡೆಯ ಮೇಲೆ ಕೂತೆವು. ನೀರು ಕಡಿಮೆ, ನೆರಳು ಜಾಸ್ತಿ. ಅಕ್ಕ ಮೊಬೈಲಿನಲ್ಲಿ ಮತ್ತೆ ಮತ್ತೆ ಆ ಉತ್ತರವನ್ನೇ ಓದುತ್ತಿದ್ದಳು. ನನಗೆ ಹೊತ್ತು ಹೋಗುತ್ತಿರಲಿಲ್ಲ. ಚರ್ಚಾಸ್ಪರ್ಧೆಗೆ ಮೊದಲು ನಾವು ಮಾಡುತ್ತಿದ್ದ ಒಂದು ಕಸರತ್ತು ನೆನಪಾಯಿತು. ಎದುರಾಳಿಯ ಜಾಗದಲ್ಲಿ ನಿಂತು ನಮಗೆ ನಾವೇ ಒದೆಯುವುದು.

‘ಅಕ್ಕಾ, ನೀ ಎರಡನೇ ರಿವ್ಯೂವರ್ ಆಗು. ನಾ ನೀ ಆಗತೇನಿ’ ಅಂದೆ.

ಅವಳಿಗೆ ಇಂಥದ್ದರಲ್ಲಿ ಆಸಕ್ತಿ ಇಲ್ಲ. ಬಸ್ಸೂ ಬರಲಿಲ್ಲ ಅಂತ ಒಪ್ಪಿದಳು. ಮೊದಮೊದಲು ನಗುತ್ತ ಕೇಳಿದಳು, ಯಂತ್ರ ಯಾಕೆ ತರಲಿಲ್ಲ ಅಂತ. ಕುಣಿ ಸಣ್ಣದು ಅಂದೆ. ಆಮೇಲೆ ಸ್ವಲ್ಪ ನೆಟ್ಟಗೆ ಕೂತು, ಬಾದಾಮಿಯವರು ಲ್ಯಾಬಿಗೆ ಬರುವಾಗ ಹೇಗಿದ್ದರು ಅಂತ ಕೇಳಿದಳು. ಹಸಿದಿದ್ದರು ಅಂದೆ. ಅದು ಖರೆ. ದವಾಖಾನೆಯಂಥ ಕಟ್ಟಡ, ಬಿಳಿ ಕೋಟು. ರಕ್ತ ತೆಗೆಯುತ್ತಾರೆ ಅಂತ ತಿಳಿದು ಬಹಳ ಮಂದಿ ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟದೆ ಬಂದಿದ್ದರು. ಪರೀಕ್ಷೆ ಮುಗಿದ ಮೇಲೆ ನಾವೇ ಅವರಿಗೆ ಉಪ್ಪಿಟ್ಟು ತಿನ್ನಿಸಿದ್ದೆವು. ರಕ್ತ ಯಾವಾಗ ತಗೋತೀರಿ ಅಂತ ಒಬ್ಬಾಕೆ ಉಪ್ಪಿಟ್ಟು ತಿನ್ನುತ್ತಲೇ ಕೇಳಿದ್ದಳು.

ಅಕ್ಕ ನಗಲಿಲ್ಲ. ‘ಮತ್ತ ಇಳಕಲ್ಲಿನವರು?’ ಅಂತ ಕೇಳಿದಳು. ಅವರು ಏನೂ ತಗೊಂಡಿರಲಿಲ್ಲ, ಅವರೇ ಹೇಳಿದ್ದಾರೆ ಅಂತ ನಾನು ಸರ್‌ನ ಗತ್ತಿನಲ್ಲಿ ಹೇಳಿದೆ.

‘ನೀವು ಅವರ ಮನಿಗೆ ಹೋದಾಗ ನಿಮಗೇನು ಕೊಟ್ರು?’

‘ಏನೂ ಇಲ್ಲ, ಬರೇ ಚಾ’ ಅಂದೆ.

ಅಂದು ಮುಗಿಸುವ ಮೊದಲೇ ನನ್ನ ಮಾತು ನನಗೇ ಕೇಳಿಸಿತು. ಅಕ್ಕ ನದಿಯ ಕಡೆ ನೋಡುತ್ತಿದ್ದಳು.

‘ನಮ್ಮ ಕೂಡ ಅವರೂ ಕುಡುದ್ರು’ ಅಂದಳು. ‘ಒಂದು ಮನಿ ಬಿಡದಂಗ.’

ನಮ್ಮ ಕಡೆ ಚಾ ತಿನ್ನುವ ಕುಡಿಯುವ ಪೈಕಿ ಬರುವುದೇ ಇಲ್ಲ. ಬೆಳಗಿನಿಂದ ನಾಲ್ಕು ಸಲ ಚಾ ಕುಡಿದವರನ್ನು ಏನು ತಗೊಂಡಿರಿ ಅಂತ ಕೇಳಿ, ಏನೂ ಇಲ್ಲ, ಇನ್ನೂ ಬಾಯಿಗೆ ನೀರು ಹಾಕಿಲ್ಲ ಅನ್ನುತ್ತಾರೆ. ಅದರಲ್ಲಿ ಮೋಸವಿಲ್ಲ. ಬಾಗಿಲಿಗೆ ಬಂದವರನ್ನು ‘ಬರ್ರಿ’ ಅನ್ನುವುದು ಹೇಗೋ ಚಾ ಹಾಗೆ, ಅದೊಂದು ಮಾತು. ಉತ್ತರ ಕೊಟ್ಟವರಿಗೂ ಹಾಗೆ, ಕೇಳಿದ ನಮಗೂ ಹಾಗೆ. ಬೇರೆ ಎಲ್ಲಿಯವರಾದರೂ ಕಪ್ಪು ಬಸಿ ಕಂಡಕೂಡಲೇ ಬರೆದುಕೊಳ್ಳುತ್ತಿದ್ದರು. ನಾವು ಕಪ್ಪನ್ನು ಪಕ್ಕಕ್ಕೆ ಸರಿಸಿ, ಇಳಕಲ್ಲಿನ ಆ ಗಟ್ಟಿ ಚಾ ಇಳಿದ ಗಂಟಲಿಗೇ ‘ಏನರೆ ತಗೊಂಡೀರೇನ್ರಿ’ ಅಂತ ಕೇಳಿದ್ದೆವು. ಚಾದಲ್ಲಿರುವ ಕೆಫೀನು ಕೈಯನ್ನು ಚುರುಕು ಮಾಡುತ್ತದೆ ಅಂತ ಪಾಠ ಹೇಳುವ ವಿಭಾಗ ನಮ್ಮದು. ಒಂದು ಗುಂಪು ರಕ್ತದ ಭಯಕ್ಕೆ ಚಾವನ್ನೂ ಬಿಟ್ಟು, ಹಸಿದ ಹೊಟ್ಟೆಯಲ್ಲಿ, ಹೆದರಿಕೊಂಡು, ಬಿಳಿ ಕೋಟಿನವರ ಮುಂದೆ. ಇನ್ನೊಂದು ಗುಂಪು ತಮ್ಮದೇ ಮನೆಯಲ್ಲಿ, ಚಾ ಕುಡಿದು. ಚುರುಕಾದದ್ದು ಮಗ್ಗವೋ, ಚಾವೋ?

ಬಸ್ಸು ಬಂತು. ಬಾದಾಮಿಯವರೆಗೂ ನಾನು ಅವಳ ಪರವಾಗಿಯೂ ವಾದಿಸಿದೆ. ಕೇಳಿದ್ದಕ್ಕೆ ಬಂದ ಉತ್ತರವನ್ನೇ ಬರೆದಿದ್ದೇವೆ, ರಿವ್ಯೂವರ್ ಇಳಕಲ್ಲಿಗೆ ಬಂದು ಕಪ್ಪು ಎಣಿಸುವುದಿಲ್ಲ, ಅವರು ನೋಡುವುದು ಪ್ರಯೋಗವನ್ನಲ್ಲ, ನಾವು ಪ್ರಯೋಗದ ಬಗ್ಗೆ ಬರೆದದ್ದನ್ನು. ಈ ಇಡೀ ಪದ್ಧತಿ ನಿಂತಿರುವುದೇ ಬರೆದವರ ಬಾಯಿಮಾತಿನ ಮೇಲೆ. ನನ್ನ ವಾದ ಗಟ್ಟಿ ಇತ್ತು. ಅಷ್ಟು ಗಟ್ಟಿ ಇದ್ದದ್ದೇ ನನಗೆ ಸರಿಬರಲಿಲ್ಲ. ಮತ್ತೆ ಪರೀಕ್ಷೆ ಮಾಡಿದರೆ ಬೇಸಿಗೆ ಮುಗಿಯುತ್ತದೆ, ಫಲಿತಾಂಶ ಉಲ್ಟಾ ಬಂದರೆ ಪೇಪರೂ ಇಲ್ಲ, ಥೀಸಿಸ್ಸೂ ಇಲ್ಲ. ಇದನ್ನೂ ಹೇಳಿದೆ. ಅವಳಿಗೆ ಗೊತ್ತಿಲ್ಲದ್ದನ್ನೇನೂ ನಾನು ಹೇಳಲಿಲ್ಲ.

ಮರುದಿನ ಅವಳು ಸರ್ ಕೋಣೆಗೆ ಹೋಗಿ, ಮತ್ತೊಮ್ಮೆ ಮಾಡುತ್ತೇನೆ ಅಂದಳು. ಸರ್ ಬೇಡ ಅಂದರು, ಆಮೇಲೆ ಬೈದರು, ಆಮೇಲೆ ಹೊದ್ದ ಶಾಲಿನ ಕತೆ ತೆಗೆದರು. ಕಡೆಗೆ, ಹೊತ್ತು ಮೀರಿದರೆ ನನ್ನ ಹತ್ತಿರ ಅಳಬಾರದು ಅಂತ ಕೈ ತೊಳೆದುಕೊಂಡರು. ಅಕ್ಕ ಅಳುವ ಪೈಕಿ ಅಲ್ಲ, ಅದು ಅವರಿಗೂ ಗೊತ್ತಿತ್ತು.

ಇಳಕಲ್ಲಿಗೆ ಹೋಗಿ ಈ ಸಲ ಚಾ ಬೇಡ ಅಂದೆವು. ವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ಹಾಸ್ಯಾಸ್ಪದ ಪ್ರಯೋಗ ನಡೆದಿರಲಿಕ್ಕಿಲ್ಲ. ಮೊದಲ ಮನೆಯವರ ಮುಖವೇ ಸಣ್ಣದಾಯಿತು. ನಮ್ಮ ಮನಿ ಚಾ ಸೇರಲಿಲ್ಲೇನು ಅಂತ ಕೇಳಿದರು. ಮಿದುಳಿನ ಸಲುವಾಗಿ ಅಂತ ತಿಳಿಸಿ ಹೇಳಿದೆವು, ಗೋಣು ಹಾಕಿ ಒಪ್ಪಿದರು, ಒಪ್ಪಿ ಒಳಗೆ ಹೋಗಿ ಅರ್ಧರ್ಧ ಕಪ್ಪು ತಂದರು. ಎರಡನೇ ಮನೆಯ ಅಜ್ಜಿ ನಮಗಿಂತ ದೊಡ್ಡ ವಾದಿ.

‘ಇದು ಚಾ ಅಲ್ಲ ತಂಗಿ, ಕಷಾಯ’ ಅಂದಳು. ಲೋಟದಲ್ಲಿ ಚಾಪುಡಿ ತೇಲುತ್ತಿತ್ತು.

‘ಚಾಪುಡಿ ಕಾಣ್ತದಲ್ಲಬೇ’ ಅಂದೆ.

‘ಬಣ್ಣಕ್ಕ ಹಾಕೇನಿ’ ಅಂದಳು. ಸಂಜೆಯ ಹೊತ್ತಿಗೆ ಇಡೀ ಓಣಿ ನಮ್ಮ ಮೇಲೆ ಸಿಟ್ಟಾಗಿ ಕೂತಿತ್ತು. ಸಿಟ್ಟಾದ ಕೈಯಿಂದ ತಾಳ ಅಳೆದರೆ ಅದೇ ಇನ್ನೊಂದು ಗೊಂದಲ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಹೊಳೆದದ್ದನ್ನು ನನ್ನ ಚರ್ಚಾಜೀವನದ ಏಕೈಕ ಉಪಯುಕ್ತ ಮಾತು ಅಂತ ಅಕ್ಕ ಈಗಲೂ ಒಪ್ಪುತ್ತಾಳೆ. ಇಳಕಲ್ಲಿನಿಂದ ಚಾ ತೆಗೆಯಲು ಬರುವುದಿಲ್ಲ, ಬಾದಾಮಿಗೆ ಚಾ ಕೊಡಲು ಬರುತ್ತದಲ್ಲ. ಎರಡೂ ಕಡೆ ಮನೆಗೇ ಹೋಗೋಣ, ಎರಡೂ ಕಡೆ ಒಂದೇ ಪುಡಿ, ಒಂದೇ ಅಳತೆ, ನಾವೇ ಮಾಡಿ ಕುಡಿಸೋಣ, ಕುಡಿಸಿ ಅಷ್ಟೇ ಹೊತ್ತು ಬಿಟ್ಟು ಕೂರಿಸೋಣ. ಬಿಳಿ ಕೋಟು ಬೇಡ.

ಹಾಗೇ ಮಾಡಿದೆವು. ಬೇಸಿಗೆಯ ಮುಕ್ಕಾಲು ಪಾಲು ಇಳಕಲ್ಲು ಬಾದಾಮಿ ಅಂತ ಒಲೆ ಹೊತ್ತುಕೊಂಡು ತಿರುಗಿದೆವು. ಎಣ್ಣೆತಲೆಯ ಉಸ್ತುವಾರಿಯ ಜೊತೆಗೆ ಈಗ ಚಾ ಮಾಡುವುದೂ ನನ್ನ ಪಾಲಿಗೇ. ನಾನು ಮಾಡಿದ ಚಾ ಕುಡಿದು ಬಾದಾಮಿಯ ಅಂಗನವಾಡಿಯಾಕೆ, ನಿನ್ನ ಲಗ್ನ ಆಗ್ಯದೇನು ಅಂತ ಕೇಳಿದಳು. ಇಲ್ಲ ಅಂದೆ. ಗೊತ್ತಾತು ಬಿಡು ಅಂದಳು.

ಹೊಸ ಅಂಕಿ ಬಂದ ದಿನ ಸರ್ ಕೋಣೆಯಲ್ಲಿ ಮೂವರೇ. ಚುರುಕಿನ ಗೆರೆಗಳೆರಡೂ ಒಂದರ ಮೇಲೊಂದು ಕೂತಿದ್ದವು. ಬಾದಾಮಿಯವರೂ ಅಷ್ಟೇ ವೇಗ, ಇಳಕಲ್ಲಿನವರೂ ಅಷ್ಟೇ ವೇಗ. ತಾಳದ ಗೆರೆಗಳು ಮಾತ್ರ ಮೊದಲಿನ ಹಾಗೆಯೇ ದೂರ ನಿಂತಿದ್ದವು. ಸದ್ದು ನಿಂತ ಮೇಲೆ ಬಾದಾಮಿಯವರ ಬೆರಳು ಅತ್ತಿತ್ತ ಓಡಿದರೆ, ನೇಕಾರರ ಬೆರಳು ಕಾಣದ ಮಗ್ಗವೊಂದರ ಮುಂದೆ ಕೂತಂತೆ ತಾಳ ಬಿಡದೆ ನಡೆದಿತ್ತು. ಮಗ್ಗ ಕೊಟ್ಟದ್ದು ವೇಗವನ್ನಲ್ಲ, ಹದವನ್ನು.

ಸರ್ ‘ಹಂಗಾರ ವೇಗ ಹೋತು’ ಅಂದರು. ಆಮೇಲೆ ಮೂರು ಚಾ ತರಿಸಿದರು. ಅಕ್ಕ ಕಪ್ಪು ಮುಟ್ಟದೆ ಅಲ್ಲೇ ಕೂತು ಪೇಪರಿನ ಹೆಸರಿನಿಂದ ವೇಗ ಅನ್ನುವ ಪದ ಅಳಿಸಿದಳು.

ಈಗ ಆ ಬಾಯಿ ಮುಚ್ಚಿಸಿದ ಉತ್ತರಕ್ಕೆ ಬರೋಣ. ಅಕ್ಕ ಬರೆದ ಮೊದಲ ಸಾಲು, ನಿಮ್ಮ ಸಂಶಯ ಸರಿ ಇತ್ತು, ನಾವು ಚಾ ಲೆಕ್ಕಕ್ಕೆ ಹಿಡಿದಿರಲಿಲ್ಲ ಅಂತ. ಸರ್ ಅದನ್ನು ತಿದ್ದಿ, ರಿವ್ಯೂವರ್ ಅವರ ಅಮೂಲ್ಯ ಸೂಚನೆಯಂತೆ ಹೆಚ್ಚಿನ ಎಚ್ಚರ ವಹಿಸಿ ಪರೀಕ್ಷೆಗಳನ್ನು ಪುನಃ ನಡೆಸಲಾಗಿದೆ ಅಂತ ಮಾಡಿದರು. ಬಾಯಿ ಮುಚ್ಚಿಸಿದ್ದು ಇಷ್ಟು. ಆ ಒಬ್ಬರ ಹಳೆಯ ಲೇಖನಗಳಲ್ಲಿ ಎರಡನ್ನು ಉಲ್ಲೇಖಿಸಿದೆವು ಕೂಡ. ಎರಡನೆಯವರು ತಮ್ಮ ಸಂಶಯ ತೀರಿತು ಅಂತ ಒಂದು ಸಾಲು ಬರೆದರು. ಯಂತ್ರದ ಮಾತು ಮತ್ತೆ ಎತ್ತಲಿಲ್ಲ. ಒಪ್ಪಿಗೆ ಬಂತು. ಅಕ್ಕನ ಥೀಸಿಸ್ ಗಡುವಿನ ಬಾಗಿಲು ಮುಚ್ಚುವ ಮುಂಚೆ ಒಳಗೆ ಹೋಯಿತು, ಅಷ್ಟೇನೂ ಮುಂಚೆ ಅಲ್ಲ.

ಕ್ಯಾಂಟೀನಿನಲ್ಲಿ ಸರ್ ಆ ಕತೆ ಹೇಳುವಾಗ ಅಕ್ಕ ಪಕ್ಕದಲ್ಲೇ ಇದ್ದದ್ದೂ ಉಂಟು. ತಿದ್ದಲಿಲ್ಲ. ಪಾಪ, ಅವರ ಶಾಲು ಅಂದಳು ಆಮೇಲೆ. ನನ್ನ ಸಿಟ್ಟು ಶಾಲಿನ ಮೇಲಲ್ಲ. ಆ ಕತೆ ಕೇಳಿ ಬೆಳೆದ ಹುಡುಗರು ನಾಳೆ ತಮಗೆ ಬರುವ ಪ್ರಶ್ನೆಗೆ ಉತ್ತರ ಹುಡುಕುವ ಬದಲು ಬಾಯಿ ಮುಚ್ಚಿಸಲು ಹೋಗುತ್ತಾರಲ್ಲ, ಅದರ ಮೇಲೆ.

ಮೊನ್ನೆ ಹುನಗುಂದಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಅವಳಿಗೆ ಜೀವನದಲ್ಲಿ ಮೊದಲನೇ ಸಲ ಒಂದು ಜರ್ನಲ್‌ನಿಂದ ಪೇಪರ್ ಬಂದಿತ್ತು, ರಿವ್ಯೂ ಮಾಡಿಕೊಡಿ ಅಂತ. ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ನಾನು ಬಗ್ಗಿದ ಕೂಡಲೇ ಪರದೆ ತಿರುಗಿಸಿದಳು. ನಿನಗ ತೋರ್ಸೂಹಂಗಿಲ್ಲ ಅಂದಳು. ಯಾರದ್ದು, ಯಾವ ಊರಿನದ್ದು, ಒಂದನ್ನೂ ಹೇಳಲಿಲ್ಲ. ನಿಯಮ ಅದು. ಈಗ ಅವಳೇ ಯಾರಿಗೋ ಒಬ್ಬರಿಗೆ ಮುಖವಿಲ್ಲದ ಎರಡನೆಯವಳು. ಅಲ್ಲೂ ಒಬ್ಬಳು ಅಕ್ಕ ಇರಬಹುದು, ಅವಳಿಗೂ ಒಂದು ಬೇಸಿಗೆ ಇರಬಹುದು.

ಅಕ್ಕ ಟೈಪು ಮಾಡುವುದನ್ನು ನೋಡುತ್ತ ಕೂತೆ. ಒಂದು ಸಾಲು ಬರೆಯುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಅದನ್ನೇ ಬರೆಯುತ್ತಿದ್ದಳು. ಪಕ್ಕದಲ್ಲಿ ಅವಳವ್ವ ತಂದಿಟ್ಟ ಚಾ ಕೆನೆಗಟ್ಟಿತ್ತು. ನದಿಯ ದಂಡೆಯ ಮೇಲೆ ನನ್ನ ಬಾಯಿಂದ ಚಾದ ಮಾತನ್ನು ಹೊರಗೆ ತೆಗೆದವಳು ಅವಳೇ, ಅದು ನನಗೆ ಗೊತ್ತು. ಆದರೆ ಅವತ್ತು ಅವಳು ಕೂತದ್ದು ಬೇರೆಯವರ ಜಾಗದಲ್ಲಿ, ಅದೂ ಒಂದು ಪ್ರಶ್ನೆ ಬಂದಿತ್ತು ಅಂತ, ಬಸ್ಸು ತಡ ಇತ್ತು ಅಂತ. ಅಷ್ಟು ದಿನದಿಂದ ನನ್ನ ತಲೆಯಲ್ಲಿ ಗುಂಯ್‌ಗುಡುತ್ತಿದ್ದದ್ದನ್ನು ಕೇಳಿಯೇಬಿಟ್ಟೆ.

‘ಅಕ್ಕಾ, ಆ ಎರಡನೆಯವರು ಕೇಳದಿದ್ರ, ಒಂದನೆಯವರಂಗ ಹೊಗಳಿ ಬಿಟ್ಟಿದ್ರ, ಮುಂದ ಎಂದಾದ್ರೂ ನಿನಗ ಆ ಚಾದ ನೆನಪಾದಾಗ ನೀನಾಗೇ ಹೇಳ್ತಿದ್ದೇನು?’